ಮಥನ-ಬೆಸುಗೆಯ ತಾಪಗಣಿತ

ಅಲ್ಯೂಮಿನಿಯಮ್ಮನ್ನು ಕರಗಿಸಿ ಬೆಸೆಯುವುದು ಲೋಹಶಿಲ್ಪಿಗಳಿಗೆ ಬಹುಕಾಲ ಕ್ಲೇಶದ ಕಾರ್ಯವಾಗಿಯೇ ಇದ್ದಿತು. ಶುದ್ಧ ಲೋಹವು ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಳಿ ಸೋಕಿದ ಮಾತ್ರಕ್ಕೆ ಅದರ ಮೈಮೇಲೆ ಹುಟ್ಟಿಕೊಳ್ಳುವ ಆಕ್ಸೈಡಿನ ತೆಳುಪೊರೆಯು ಕರಗಬೇಕಾದರೆ 2,000 ಡಿಗ್ರಿಗೂ ಮಿಕ್ಕ ತಾಪ ಬೇಕು. ಹೀಗಾಗಿ ಒಳಗಿನ ಲೋಹ ನೀರಾಗಿ ಹರಿಯುವ ಹೊತ್ತಿನಲ್ಲಿಯೂ ಹೊರಗಿನ ಪೊರೆ ಹರಿಯದೆ ಉಳಿದು, ಎರಡು ಅಂಚುಗಳು ಒಂದಾಗುವುದಕ್ಕೆ ಅಡ್ಡಿಯಾಗುತ್ತದೆ. ಅದನ್ನು ಹೇಗೋ ನಿವಾರಿಸಿದರೆ ಮತ್ತೊಂದು ತೊಡಕು ಎದುರಾಗುತ್ತದೆ: ಕರಗಿದ ಅಲ್ಯೂಮಿನಿಯಮ್ ಜಲಜನಕವನ್ನು ಧಾರಾಳವಾಗಿ ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಪೂರ್ತಿಯಾಗಿ ಹೊರದೂಡಲಾರದೆ, ಬೆಸುಗೆಯ ಉದ್ದಕ್ಕೂ ಸೂಕ್ಷ್ಮರಂಧ್ರಗಳನ್ನು ಉಳಿಸಿಕೊಳ್ಳುತ್ತದೆ. ತಾಮ್ರ ಬೆರೆತ 2024, ಸತು ಬೆರೆತ 7075 ಮೊದಲಾದ ಅತಿಬಲದ ಮಿಶ್ರಲೋಹಗಳಂತೂ ಹೆಪ್ಪುಗಟ್ಟುವ ಕೊನೆಯ ಘಳಿಗೆಯಲ್ಲಿ ಬಿರುಕು ಬಿಡುವುದರಿಂದ, ಅವುಗಳನ್ನು ಬೆಸೆಯಬಾರದ ಲೋಹಗಳೆಂದೇ ಪರಿಗಣಿಸಲಾಗಿತ್ತು. ವಿಮಾನದ ಒಡಲು ಇಂದಿಗೂ ಬಹುಮಟ್ಟಿಗೆ ಸಾವಿರಾರು ರಿವೆಟ್ಟುಗಳಿಂದ ಹೊಲಿದ ಹೊದಿಕೆಯಾಗಿರುವುದಕ್ಕೆ ಇದೂ ಒಂದು ಕಾರಣ.

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಹೊರವಲಯದಲ್ಲಿರುವ ಬೆಸುಗೆ ಸಂಶೋಧನ ಸಂಸ್ಥೆಯಲ್ಲಿ ವೇಯ್ನ್ ಥಾಮಸ್ ಮತ್ತು ಅವರ ಸಹೋದ್ಯೋಗಿಗಳು 1991ರಲ್ಲಿ ಕಂಡುಹಿಡಿದ ಮಾರ್ಗವು ಈ ಎಲ್ಲ ತೊಡಕುಗಳನ್ನೂ ಒಂದೇ ಉಪಾಯದಿಂದ ದಾಟಿತು. ಲೋಹ ಕರಗಿದರೆ ತಾನೆ ಈ ಉಪದ್ರವಗಳೆಲ್ಲ? ಕರಗುವುದಕ್ಕೆ ಮುಂಚೆಯೇ, ಮೆತ್ತಗಾದ ಘನಸ್ಥಿತಿಯಲ್ಲಿಯೇ, ಎರಡು ಅಂಚುಗಳನ್ನು ಕಲಸಿ ಒಂದು ಮಾಡಿಬಿಟ್ಟರೆ? ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಘರ್ಷಣ-ಮಥನ ಬೆಸುಗೆಯು 1996ರಲ್ಲಿಯೇ ನಾರ್ವೆಯ ಹೌಗೆಸುಂಡ್ ಬಂದರಿನ ಕಾರ್ಖಾನೆಯಲ್ಲಿ ಹಡಗಿನ ಫಲಕಗಳನ್ನು ಜೋಡಿಸುವ ಕೆಲಸಕ್ಕೆ ಇಳಿಯಿತು. 1999ರಲ್ಲಿ ಈ ವಿಧಾನದಿಂದ ಬೆಸೆದ ಭಾಗವನ್ನು ಹೊತ್ತ ಡೆಲ್ಟಾ-2 ರಾಕೆಟ್ಟು ಆಕಾಶಕ್ಕೇರಿತು. ಒಂದು ಪ್ರಯೋಗಶಾಲೆಯ ಉಪಾಯವು ಎಂಟೇ ವರ್ಷಗಳಲ್ಲಿ ರಾಕೆಟ್ಟಿನ ಒಡಲನ್ನು ಸೇರಿದ್ದು ಯಂತ್ರಶಿಲ್ಪದ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿಯಲ್ಲ.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದಪ್ಪನೆಯ ಉಕ್ಕಿನ ಹಾಸಿನ ಮೇಲೆ ಎರಡು ಅಲ್ಯೂಮಿನಿಯಮ್ ಫಲಕಗಳನ್ನು ಅಂಚಿಗೆ ಅಂಚು ತಾಗುವಂತೆ ಮಲಗಿಸಿ, ಕದಲದಂತೆ ಕ್ಲಾಂಪುಗಳಿಂದ ಬಿಗಿದಿರುತ್ತಾರೆ. ಮೇಲಿನಿಂದ ತಿರುಗುತ್ತ ಇಳಿಯುವ ಟೂಲು ಗಡಸು ಉಕ್ಕಿನದು. ಅದರ ತುದಿಯಲ್ಲಿ ಫಲಕದ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಮೆ ಉದ್ದದ ಒಂದು ಪಿನ್ನು, ಆ ಪಿನ್ನಿನ ಬುಡದ ಸುತ್ತಲೂ ಅಗಲವಾದ ಶೋಲ್ಡರು. ಪಿನ್ನು ಸಂದಿನೊಳಕ್ಕೆ ಹೊಗುತ್ತದೆ, ಶೋಲ್ಡರು ಫಲಕದ ಮೈಯನ್ನು ಒತ್ತಿ ಕೂರುತ್ತದೆ, ಕೆಲವು ಕ್ಷಣ ಅಲ್ಲಿಯೇ ತಿರುಗಿ ಲೋಹವನ್ನು ಮೆದುಮಾಡಿದ ಬಳಿಕ ಟೂಲು ಸಂದಿನ ಗುಂಟ ಮುಂದೆ ಸಾಗುತ್ತದೆ. ಕಣ್ಣು ಕೋರೈಸುವ ಜ್ವಾಲೆಯಿಲ್ಲ, ಕಿಡಿಯಿಲ್ಲ, ಹೊಗೆಯಿಲ್ಲ. ಟೂಲು ಸಾಗಿದ ದಾರಿಯಲ್ಲಿ ಒಂದರ ಹಿಂದೊಂದು ಅರ್ಧಚಂದ್ರಾಕೃತಿಯ ನವಿರಾದ ಗೆರೆಗಳು ಮೂಡುತ್ತ ಹೋಗುತ್ತವೆ. ನಿಮಿಷಕ್ಕೆ 400 ಸುತ್ತು ತಿರುಗುತ್ತ ಸೆಕೆಂಡಿಗೆ 2 ಮಿಲಿಮೀಟರ್ ಮುಂದುವರಿಯುವ ಟೂಲಾದರೆ ಆ ಗೆರೆಗಳ ನಡುವಣ ಅಂತರ 0.3 ಮಿಲಿಮೀಟರ್. ಪ್ರತಿಯೊಂದು ಸುತ್ತೂ ತನ್ನ ಸಹಿಯನ್ನು ಲೋಹದ ಮೇಲೆ ಬರೆದಿಟ್ಟೇ ಹೋಗುತ್ತದೆ.

ಇಷ್ಟೆಲ್ಲ ಕಣ್ಣಿಗೆ ಕಾಣುವುದಾದರೂ, ಬೆಸುಗೆಯ ಗುಣಾವಗುಣಗಳನ್ನು ನಿರ್ಣಯಿಸುವ ಸಂಗತಿ ಮಾತ್ರ ಕಣ್ಣಿಗೂ ಕಾಣದು, ಅಳತೆಗೂ ಸುಲಭವಾಗಿ ಸಿಕ್ಕದು. ಅದೇ ಪಿನ್ನಿನ ಸುತ್ತಲ ಲೋಹದ ತಾಪ. ಅದು ಕಡಮೆಯಾದರೆ ಲೋಹ ಸರಿಯಾಗಿ ಹರಿಯದೆ ಬೆಸುಗೆಯ ಗರ್ಭದಲ್ಲಿ ಉದ್ದನೆಯ ಸುರಂಗದಂಥ ಪೊಳ್ಳು ಉಳಿಯುತ್ತದೆ. ಹೆಚ್ಚಾದರೆ ಲೋಹ ಅತಿಯಾಗಿ ಮೆತ್ತಗಾಗಿ ಶೋಲ್ಡರಿನ ಅಂಚಿನಿಂದ ಹೊರಚಿಮ್ಮುತ್ತದೆ, ಸುತ್ತಲಿನ ಫಲಕದ ಬಲವೂ ಇಳಿದುಹೋಗುತ್ತದೆ. ಉತ್ತಮ ಬೆಸುಗೆಯಲ್ಲಿ ಈ ತಾಪವು ಸಾಮಾನ್ಯವಾಗಿ 400ರಿಂದ 500 ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ. ಆದರೆ ಅದನ್ನು ನೇರವಾಗಿ ಅಳೆಯುವುದು ಹೇಗೆ? ಥರ್ಮೋಕಪಲ್ ಎಂಬ ಎಳೆತಂತಿಯ ತಾಪಮಾಪಕವನ್ನು ಫಲಕದಲ್ಲಿ ಕೊರೆದ ಸಣ್ಣ ತೂತಿನೊಳಗೆ ಹುದುಗಿಸಿಡಬಹುದು. ಟೂಲಿನ ದಾರಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿಟ್ಟರೆ ಅದು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ದಾರಿಯ ಮಧ್ಯದಲ್ಲಿಯೇ ಇಟ್ಟರೆ ಮಥನಗೊಳ್ಳುವ ಲೋಹವು ಅದನ್ನು ಎಳೆದುಕೊಂಡು ಹೋಗಿ ಹರಿದುಹಾಕುತ್ತದೆ. ಟೂಲಿನೊಳಗೇ ಕೂರಿಸಿದ ಮಾಪಕವು ತಿಳಿಸುವುದು ಟೂಲಿನ ತಾಪವನ್ನಲ್ಲದೆ ಲೋಹದ ತಾಪವನ್ನಲ್ಲ. ಹೀಗೆ ಅತ್ಯಂತ ಮುಖ್ಯವಾದ ಸ್ಥಳದಲ್ಲಿಯೇ ಉಪಕರಣ ಸೋಲುವುದರಿಂದ, ಆ ಸ್ಥಳವನ್ನು ನೋಡಲು ಗಣಿತದ ಮೊರೆಹೋಗುವುದು ಅನಿವಾರ್ಯವಾಯಿತು.

ಘರ್ಷಣದಿಂದ ಉಷ್ಣ ಹುಟ್ಟುವ ಬಗೆಯನ್ನು ಲೆಕ್ಕಕ್ಕೆ ತರುವ ಪ್ರಯತ್ನವು ಇನ್ನೂರು ವರ್ಷಗಳಿಗೂ ಹಿಂದಿನದು, ಮತ್ತು ಅದು ಪ್ರಾರಂಭವಾದದ್ದೂ ಮೊಂಡಾದ ಒಂದು ಟೂಲಿನಿಂದಲೇ. ಅಮೆರಿಕದಲ್ಲಿ ಹುಟ್ಟಿ ಬವೇರಿಯ ರಾಜ್ಯದ ಸೇವೆಗೆ ಸೇರಿದ ಬೆಂಜಮಿನ್ ಥಾಮ್ಸನ್, ಎಂದರೆ ಕೌಂಟ್ ರಮ್‌ಫರ್ಡ್, ಮ್ಯೂನಿಕ್‌ನ ಆಯುಧಾಗಾರದಲ್ಲಿ ಫಿರಂಗಿಗಳನ್ನು ಕೊರೆಯುವಾಗ ಹಿತ್ತಾಳೆಯು ಅಷ್ಟೊಂದು ಬಿಸಿಯೇರುವುದನ್ನು ಕಂಡು ವಿಸ್ಮಿತನಾಗಿ, ಬೇಕೆಂದೇ ಮೊಂಡು ಕೊರೆಗೋಲನ್ನು ಅದಕ್ಕೆ ಒತ್ತಿ, ಕುದುರೆಗಳಿಂದ ಯಂತ್ರವನ್ನು ತಿರುಗಿಸಿ, ಸುತ್ತಲೂ ನೀರು ತುಂಬಿದ ಪೆಟ್ಟಿಗೆಯನ್ನು ಕಟ್ಟಿಸಿದನು. ಎರಡೂವರೆ ಗಂಟೆಗಳಲ್ಲಿ ಬೆಂಕಿಯೇ ಇಲ್ಲದೆ ನೀರು ಕುದಿಯಿತು. ನೆರೆದಿದ್ದವರ ಆಶ್ಚರ್ಯಕ್ಕೆ ಪಾರವಿರಲಿಲ್ಲ. ಉದುರಿದ ಲೋಹದ ಪುಡಿ ಅತ್ಯಲ್ಪವಾಗಿದ್ದರೂ ಹುಟ್ಟಿದ ಉಷ್ಣಕ್ಕೆ ಮಿತಿಯೇ ಇದ್ದಂತೆ ಕಾಣಲಿಲ್ಲವಾದುದರಿಂದ, ಉಷ್ಣವು ಲೋಹದೊಳಗೆ ಅಡಗಿದ್ದ ಒಂದು ದ್ರವ್ಯವಾಗಿರಲಾರದು, ಅದು ಚಲನೆಯಿಂದಲೇ ಹುಟ್ಟುವುದೆಂಬ ನಿರ್ಣಯಕ್ಕೆ ಅವನು ಬಂದನು. 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಪ್ರಬಂಧ ಓದಲ್ಪಟ್ಟಿತು. ತಿರುಗಿಸುವುದಕ್ಕೆ ವ್ಯಯವಾದ ಶ್ರಮವೇ ಉಷ್ಣವಾಗಿ ಮಾರ್ಪಡುವುದೆಂಬ ಆ ಮಾತು ಇಂದಿನ ಮಥನ-ಬೆಸುಗೆಯ ಗಣನೆಗೂ ಮೊದಲ ಆಧಾರ.

ಆ ಆಧಾರದ ಮೇಲೆ ನಿಂತು ಒಂದು ಲೆಕ್ಕ ಹಾಕಬಹುದು. ಶೋಲ್ಡರಿನ ತ್ರಿಜ್ಯ 9 ಮಿಲಿಮೀಟರ್, ಪಿನ್ನಿನ ತ್ರಿಜ್ಯ 3, ಅದರ ಉದ್ದ 4 ಮಿಲಿಮೀಟರ್ ಇರುವ ಸಾಧಾರಣ ಟೂಲೊಂದನ್ನು ನಿಮಿಷಕ್ಕೆ 400 ಸುತ್ತಿನ ವೇಗದಲ್ಲಿ ತಿರುಗಿಸಲು ಯಂತ್ರವು 40 ನ್ಯೂಟನ್-ಮೀಟರ್ ಟಾರ್ಕನ್ನು (ತಿರುಚುಬಲವನ್ನು) ಪ್ರಯೋಗಿಸಬೇಕಾಯಿತೆಂದು ಇಟ್ಟುಕೊಳ್ಳಿ. ಟಾರ್ಕನ್ನು ಕೋನವೇಗದಿಂದ ಗುಣಿಸಿದರೆ ದೊರೆಯುವ ಶಕ್ತಿ ಸುಮಾರು 1,700 ವ್ಯಾಟ್, ಎಂದರೆ ಮನೆಯ ನೀರು ಕಾಯಿಸುವ ಗೀಸರಿನಷ್ಟು. ಟೂಲನ್ನು ಮುಂದಕ್ಕೆ ತಳ್ಳುವುದಕ್ಕೆ ತಗಲುವ ಶ್ರಮವು ಇದರ ಮುಂದೆ ಗಣನೆಗೇ ಬಾರದು. ಐದು ಸಾವಿರ ನ್ಯೂಟನ್ ಬಲದಿಂದ ಸೆಕೆಂಡಿಗೆ 2 ಮಿಲಿಮೀಟರಿನಂತೆ ತಳ್ಳಿದರೂ ಅದು ಹತ್ತು ವ್ಯಾಟ್ ಮಾತ್ರ. ಈ 1,700 ವ್ಯಾಟುಗಳು ಟೂಲಿನ ಯಾವ ಭಾಗದಲ್ಲಿ ಎಷ್ಟು ಹುಟ್ಟುತ್ತವೆಂಬುದನ್ನು ಡೆನ್ಮಾರ್ಕಿನ ಸ್ಮಿಟ್, ಹಾಟೆಲ್ ಮತ್ತು ವೆರ್ಟ್ ಎಂಬ ಮೂವರು 2004ರಲ್ಲಿ ಒಂದು ಸರಳ ಸೂತ್ರಕ್ಕೆ ಇಳಿಸಿದರು. ಶೋಲ್ಡರಿನ ಕೇಂದ್ರದಿಂದ ದೂರ ಸರಿದಂತೆಲ್ಲ ಲೋಹದ ಮೇಲೆ ಅದು ಉಜ್ಜುವ ವೇಗವೂ ಹೆಚ್ಚು, ಉಜ್ಜುವ ಉಂಗುರದ ಸುತ್ತಳತೆಯೂ ಹೆಚ್ಚು. ಆದಕಾರಣ ಉಂಗುರಗಳನ್ನೆಲ್ಲ ಕೂಡಿಸಿದಾಗ ಒಟ್ಟು ಉಷ್ಣವು ತ್ರಿಜ್ಯದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮೇಲೆ ಹೇಳಿದ ಅಳತೆಯ ಟೂಲಿನ ಶೋಲ್ಡರು ಹತ್ತು ಡಿಗ್ರಿಯ ತಗ್ಗುಳ್ಳದ್ದಾದರೆ, ಉಷ್ಣದಲ್ಲಿ ನೂರಕ್ಕೆ 86 ಪಾಲು ಶೋಲ್ಡರಿನಿಂದ, 11 ಪಾಲು ಪಿನ್ನಿನ ಪಕ್ಕಗಳಿಂದ, 3 ಪಾಲು ಮಾತ್ರ ಪಿನ್ನಿನ ತುದಿಯಿಂದ ಬರುತ್ತದೆ. ಶೋಲ್ಡರಿನ ಪಾಲಿನಲ್ಲಿಯೂ ಅರ್ಧದಷ್ಟು ಅದರ ಹೊರ ಅಂಚಿನ ಎರಡು ಮಿಲಿಮೀಟರಿಗೂ ಕಡಮೆ ಅಗಲದ ಪಟ್ಟಿಯಿಂದಲೇ ಹುಟ್ಟುವುದು. ಬೆಸೆಯುವ ಕೆಲಸವನ್ನು ಮಾಡುವುದು ಪಿನ್ನಾದರೂ ಅದಕ್ಕೆ ಬೇಕಾದ ಕಾವನ್ನು ಒದಗಿಸುವುದು ಶೋಲ್ಡರಿನ ಅಂಚು ಎಂಬ ಈ ಅಂಶವು ಟೂಲನ್ನು ರೂಪಿಸುವವರಿಗೆ ಬಹು ಬೆಲೆಯುಳ್ಳದ್ದು; ದಪ್ಪ ಫಲಕಗಳ ತಳಭಾಗದಲ್ಲಿ ಬೆಸುಗೆ ಏಕೆ ಸಡಿಲವಾಗುತ್ತದೆಂಬುದಕ್ಕೂ ಇದರಲ್ಲಿ ಅರ್ಧ ಉತ್ತರ ಅಡಗಿದೆ.

ಹುಟ್ಟಿದ ಉಷ್ಣವು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಉತ್ತರಿಸುವ ಗಣಿತ ನಮಗೆ ಹಳೆಯ ಆಸ್ತಿ. ಫ್ರಾನ್ಸಿನ ಫೂರ್ಯೇ 1822ರಲ್ಲಿ ಪ್ರಕಟಿಸಿದ ಉಷ್ಣವಹನದ ಸಮೀಕರಣವು ಇಂದಿಗೂ ಒಂದಕ್ಷರ ತಿದ್ದುಪಡಿಯಿಲ್ಲದೆ ಬಳಕೆಯಲ್ಲಿದೆ. ಆ ಸಮೀಕರಣವನ್ನು ಚಲಿಸುವ ತಾಪಮೂಲಕ್ಕೆ ಅನ್ವಯಿಸಿ, ಬೆಸುಗೆಯ ಸುತ್ತಲ ತಾಪರೇಖೆಗಳನ್ನು ಕೈಬರಹದ ಲೆಕ್ಕದಿಂದಲೇ ಪಡೆಯುವ ಮಾರ್ಗವನ್ನು ಡ್ಯಾನಿಯಲ್ ರೋಸೆಂಥಾಲ್ 1941 ಮತ್ತು 1946ರ ಪ್ರಬಂಧಗಳಲ್ಲಿ ತೋರಿಸಿದನು. ಅವನ ಯುಕ್ತಿ ಸೊಗಸಾದದ್ದು: ನೆಲದ ಮೇಲೆ ನಿಂತು ಓಡುವ ತಾಪಮೂಲವನ್ನು ನೋಡುವ ಬದಲು, ತಾಪಮೂಲದ ಜೊತೆಯಲ್ಲಿಯೇ ಕುಳಿತು ಹಿಂದೆ ಸರಿಯುವ ಫಲಕವನ್ನು ನೋಡಿದರೆ, ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದ ಚಿತ್ರವು ಸ್ಥಿರಚಿತ್ರವಾಗಿ ನಿಲ್ಲುತ್ತದೆ. ಆದರೆ ರೋಸೆಂಥಾಲನ ತಾಪಮೂಲವು ಗಾತ್ರವಿಲ್ಲದ ಬಿಂದು. ಆ ಬಿಂದುವಿನಲ್ಲಿ ಸೂತ್ರವು ಅನಂತ ತಾಪವನ್ನು ಹೇಳುತ್ತದೆ. ದೂರದ ಲೋಹಕ್ಕೆ ಅದರಿಂದ ಬಾಧಕವಿಲ್ಲ. ಹತ್ತಿರದ ಲೋಹವನ್ನೇ ತಿಳಿಯಬೇಕಾದ ನಮಗೆ ಅದು ಸಾಲದು. ಆದುದರಿಂದ ಈಗಿನವರು ಫಲಕವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಭಾವಿಸಿ, ಪ್ರತಿಯೊಂದು ತುಂಡಿನ ಉಷ್ಣದ ಜಮಾಖರ್ಚನ್ನೂ ಗಣಕಯಂತ್ರಕ್ಕೆ ಒಪ್ಪಿಸುತ್ತಾರೆ.

ಅಲ್ಯೂಮಿನಿಯಮ್ಮಿನ ಸ್ವಭಾವವು ಈ ಲೆಕ್ಕಕ್ಕೆ ಒಂದು ವಿಶೇಷ ಬಣ್ಣ ಕೊಡುತ್ತದೆ. 6061 ಎಂಬ ಸಾಮಾನ್ಯ ಮಿಶ್ರಲೋಹದಲ್ಲಿ ಉಷ್ಣವು ಒಂದು ಸೆಂಟಿಮೀಟರ್ ದೂರ ಹಬ್ಬಲು ಸುಮಾರು ಒಂದೂವರೆ ಸೆಕೆಂಡು ಸಾಕು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಅದೇ ದೂರಕ್ಕೆ ಸುಮಾರು ಇಪ್ಪತ್ತೈದು ಸೆಕೆಂಡು ಬೇಕು. ಸೆಕೆಂಡಿಗೆ 2 ಮಿಲಿಮೀಟರ್ ಸಾಗುವ ಟೂಲು ಒಂದು ಸೆಂಟಿಮೀಟರನ್ನು ಕ್ರಮಿಸಲು ಐದು ಸೆಕೆಂಡು ತೆಗೆದುಕೊಳ್ಳುವುದರಿಂದ, ಅಲ್ಯೂಮಿನಿಯಮ್ಮಿನಲ್ಲಿ ಉಷ್ಣವು ಟೂಲಿಗಿಂತ ಮುಂದಾಗಿಯೇ ಓಡಿ, ಟೂಲು ಬರುವ ಹೊತ್ತಿಗೆ ಲೋಹವನ್ನು ಕಾಯಿಸಿ ಸಿದ್ಧಮಾಡಿಟ್ಟಿರುತ್ತದೆ. ಉಕ್ಕಿನಲ್ಲಿ ಟೂಲೇ ಮುಂದು, ಉಷ್ಣ ಹಿಂದು. ಮಥನ-ಬೆಸುಗೆಯು ಅಲ್ಯೂಮಿನಿಯಮ್ಮಿನಲ್ಲಿ ಸಲೀಸಾಗಿ ನೆಲೆಗೊಂಡು ಉಕ್ಕಿನಲ್ಲಿ ತಡವರಿಸಿದ್ದಕ್ಕೆ ಟೂಲಿನ ಸವೆತದೊಂದಿಗೆ ಇದೂ ಕಾರಣವೆಂಬುದು ನನ್ನ ಎಣಿಕೆ.

ಇಷ್ಟಾದರೂ, ಉಷ್ಣದ ಜಮೆ-ಖರ್ಚಿನಲ್ಲಿ ಖರ್ಚಿನ ಕಡೆ ತುಂಬ ಎಚ್ಚರ ಬೇಕು. ಟೂಲಿನ ಮೂಲಕ ಮೇಲಕ್ಕೆ ಹೋಗುವ ಭಾಗ ಅಲ್ಪ. ಚಾವೋ, ಚಿ ಮತ್ತು ಟಾಂಗ್ ಎಂಬುವರು 2003ರಲ್ಲಿ ಪ್ರಯೋಗ ಮತ್ತು ಗಣನೆಗಳನ್ನು ಹೊಂದಿಸಿ ನೋಡಿ, ನೂರರಲ್ಲಿ ಸುಮಾರು 95 ಪಾಲು ಉಷ್ಣವು ಫಲಕಕ್ಕೂ 5 ಪಾಲು ಟೂಲಿಗೂ ಸಲ್ಲುವುದೆಂದು ತಿಳಿಸಿದರು. ಮೇಲ್ಮೈಯಿಂದ ಗಾಳಿ ಒಯ್ಯುವುದೂ ಅಲ್ಪವೇ. ದೊಡ್ಡ ಸೋರಿಕೆಯಿರುವುದು ಫಲಕದ ಕೆಳಗೆ, ಆ ದಪ್ಪ ಉಕ್ಕಿನ ಹಾಸಿನಲ್ಲಿ. ಎರಡು ಲೋಹಗಳು ಒಂದರ ಮೇಲೊಂದು ಕೂತಂತೆ ಕಂಡರೂ ಅವು ನಿಜವಾಗಿ ತಾಗುವುದು ಅಲ್ಲೊಂದು ಇಲ್ಲೊಂದು ಉಬ್ಬಿನ ತುದಿಯಲ್ಲಿ ಮಾತ್ರ. ಉಳಿದೆಡೆ ತೆಳುವಾದ ಗಾಳಿಯ ಪದರ. ಟೂಲಿನ ನೇರ ಕೆಳಗೆ ಟನ್ನುಗಟ್ಟಲೆ ಒತ್ತಡ ಬಿದ್ದು ಸಂಪರ್ಕ ಗಾಢವಾಗುತ್ತದೆ. ಅಲ್ಲಿಂದ ಎರಡು ಅಂಗುಲ ಆಚೆಗೆ ಫಲಕವು ಬಿಸಿಗೆ ಹಿಗ್ಗಿ ತುಸು ಮೇಲೆದ್ದು ಸಂಪರ್ಕವೇ ತಪ್ಪಿಹೋಗಬಹುದು. ಹಾಸಿನ ಮೈ ನುಣುಪಾಗಿದೆಯೋ, ಹಿಂದಿನ ಬೆಸುಗೆಯಿಂದ ಅದಿನ್ನೂ ಬಿಸಿಯಾಗಿದೆಯೋ, ಕ್ಲಾಂಪು ಎಲ್ಲಿ ಕೂತಿದೆ, ಈ ಪ್ರತಿಯೊಂದೂ ಉಷ್ಣದ ಸೋರಿಕೆಯನ್ನು ಹೆಚ್ಚುಕಡಮೆ ಮಾಡುತ್ತದೆ. ಗಣಿತಜ್ಞನು ಇದಕ್ಕೆಲ್ಲ ಒಂದು ಅಂಕಿಯನ್ನು ಕೊಡಬೇಕು. ಪ್ರಕಟವಾದ ಪ್ರಬಂಧಗಳಲ್ಲಿ ಆ ಅಂಕಿಯು ಚದರ ಮೀಟರಿಗೆ, ಒಂದು ಡಿಗ್ರಿಗೆ ಕೆಲವು ನೂರು ವ್ಯಾಟುಗಳಿಂದ ಹಿಡಿದು ಕೆಲವು ಸಾವಿರದವರೆಗೆ ಹರಡಿಕೊಂಡಿದೆ.

ಇಲ್ಲಿಯೇ ನಾನು ಓದುಗರ ಗಮನವನ್ನು ಸ್ವಲ್ಪ ಹೊತ್ತು ನಿಲ್ಲಿಸಬಯಸುತ್ತೇನೆ. ಏಕೆಂದರೆ ಈ ಶಾಸ್ತ್ರದ ಸತ್ತ್ವಪರೀಕ್ಷೆ ನಡೆಯುವುದು ಈ ಹಂತದಲ್ಲಿ. ಜಮೆಯ ಕಡೆ ಒಂದು ತಿಳಿಯದ ಅಂಕಿಯಿದೆ: ಟೂಲಿಗೂ ಲೋಹಕ್ಕೂ ನಡುವಣ ಘರ್ಷಣ ಗುಣಾಂಕ. ಖರ್ಚಿನ ಕಡೆ ಮತ್ತೊಂದು ತಿಳಿಯದ ಅಂಕಿಯಿದೆ: ಹಾಸಿನ ಸೋರಿಕೆ. ಘರ್ಷಣವನ್ನು ಹೆಚ್ಚಾಗಿ ಊಹಿಸಿ ಸೋರಿಕೆಯನ್ನೂ ಹೆಚ್ಚಾಗಿ ಊಹಿಸಿದರೆ ಬರುವ ತಾಪರೇಖೆಗೂ, ಎರಡನ್ನೂ ಕಡಮೆಯಾಗಿ ಊಹಿಸಿದರೆ ಬರುವ ತಾಪರೇಖೆಗೂ, ಥರ್ಮೋಕಪಲ್ಲುಗಳಿರುವ ದೂರದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣದಿರಬಹುದು. ಪ್ರಯೋಗದ ಚುಕ್ಕೆಗಳ ಮೇಲೆ ಗಣನೆಯ ಗೆರೆಯು ಅಚ್ಚುಕಟ್ಟಾಗಿ ಹಾದುಹೋಗಿರುವ ನಕ್ಷೆಗಳನ್ನು ಪ್ರಬಂಧಗಳಲ್ಲಿ ಕಂಡಾಗ ಸಂತೋಷವಾಗುವುದು ಸಹಜ. ಆದರೆ ಎರಡು ಅಂಕಿಗಳನ್ನು ತಮ್ಮಿಚ್ಛೆಯಂತೆ ಹೊಂದಿಸಿಕೊಂಡು ಆ ಗೆರೆಯನ್ನು ಹಾಯಿಸಿದ್ದಾದರೆ, ಒಂದು ಸೆಂಟಿಮೀಟರ್ ಆಚೆಯ ಒಪ್ಪಂದವು ಪಿನ್ನಿನ ಪಕ್ಕದ ತಾಪಕ್ಕೆ ಸಾಕ್ಷಿಯಾಗಲಾರದು. ಅಳೆಯಲಾಗದ ಸ್ಥಳವನ್ನು ತಿಳಿಯುವುದಕ್ಕೆಂದೇ ನಾವು ಗಣಿತವನ್ನು ಕರೆತಂದದ್ದು. ಆ ಸ್ಥಳದಲ್ಲಿಯೇ ಅದು ತಪ್ಪಿದ್ದರೂ ತಿಳಿಯದೆ ಹೋಗುವುದೆಂದರೆ ಕರೆತಂದ ಪ್ರಯೋಜನವೇನು?

ಈ ಬಿಕ್ಕಟ್ಟಿನಿಂದ ಹೊರಬರಲು ಒಂದು ಪ್ರಾಮಾಣಿಕ ದಾರಿಯಿದೆ, ಅದು ರಮ್‌ಫರ್ಡನ ದಾರಿಯೇ. ಜಮೆಯ ಕಡೆಯ ಒಟ್ಟು ಮೊತ್ತವನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಏಕೆಂದರೆ ಬೆಸುಗೆಯ ಯಂತ್ರವು ತಾನು ಪ್ರಯೋಗಿಸುತ್ತಿರುವ ಟಾರ್ಕನ್ನು ಕ್ಷಣಕ್ಷಣಕ್ಕೂ ತಿಳಿಸಬಲ್ಲುದು. ಟಾರ್ಕಿನಿಂದ ಶಕ್ತಿ ಗೊತ್ತಾಯಿತು. ಶಕ್ತಿಯೆಲ್ಲವೂ ಉಷ್ಣವಾಗುವುದೇ ಎಂಬ ಶಂಕೆಗೆ ಟೇಲರ್ ಮತ್ತು ಕ್ವಿನ್ನಿ 1934ರಲ್ಲಿ ಲೋಹದ ಸರಳುಗಳನ್ನು ತಿರುಚಿ ನಡೆಸಿದ ಪ್ರಯೋಗಗಳು ಉತ್ತರ ಹೇಳುತ್ತವೆ: ಲೋಹವನ್ನು ವಿರೂಪಗೊಳಿಸಲು ವ್ಯಯವಾದ ಶ್ರಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನ ಸುಮಾರಿಗೆ ಉಷ್ಣವಾಗಿ ಹೊರಬೀಳುತ್ತದೆ, ಉಳಿದದ್ದು ಲೋಹದ ಒಳರಚನೆಯಲ್ಲಿ ಸಂಚಿತವಾಗುತ್ತದೆ. ಹೀಗೆ ಒಂದು ಅಂಕಿಯನ್ನು ಯಂತ್ರದಿಂದಲೇ ಪಡೆದು ಬಿಗಿಮಾಡಿದ ಮೇಲೆ ಉಳಿಯುವುದು ಹಾಸಿನ ಸೋರಿಕೆಯೊಂದೇ. ಅದನ್ನು ಥರ್ಮೋಕಪಲ್ಲುಗಳ ವರದಿಯಿಂದ ನಿರ್ಧರಿಸಿದರೆ ಆಕ್ಷೇಪಣೆಗೆ ಎಡೆ ಕಡಮೆ. ಟಾರ್ಕನ್ನು ಅಳೆಯದೆ ಮಾಡಿದ ತಾಪಗಣನೆಯನ್ನು ನಾನು ಅರ್ಧಗಣನೆಯೆಂದೇ ಎಣಿಸುತ್ತೇನೆ.

ಘರ್ಷಣ ಗುಣಾಂಕವೆಂಬ ಕಲ್ಪನೆಗೂ ಈ ಪ್ರಕ್ರಿಯೆಯಲ್ಲಿ ಒಂದು ಮಿತಿಯಿದೆ. ರಾಗಿಮುದ್ದೆಯನ್ನು ಕೋಲಿನಿಂದ ತೊಳಸುವವರು ಇದನ್ನು ಕೈಯಾರೆ ಬಲ್ಲರು: ಹಿಟ್ಟು ಒಮ್ಮೊಮ್ಮೆ ಕೋಲಿನ ಮೇಲೆ ಜಾರುತ್ತದೆ, ಒಮ್ಮೊಮ್ಮೆ ಕೋಲಿಗೇ ಅಂಟಿಕೊಂಡು ಅದರೊಂದಿಗೆ ತಿರುಗುತ್ತದೆ, ಆಗ ಹಿಟ್ಟಿನೊಳಗೇ ಒಂದು ಪದರ ಇನ್ನೊಂದರ ಮೇಲೆ ಸರಿಯುತ್ತದೆ. ಬಿಸಿಯಾದ ಅಲ್ಯೂಮಿನಿಯಮ್ಮಿಗೂ ಈ ಎರಡು ಅವಸ್ಥೆಗಳುಂಟು. ಜಾರುವ ಅವಸ್ಥೆಯಲ್ಲಿ ಉಷ್ಣವು ಟೂಲಿನ ಮೈಯಲ್ಲಿ ಹುಟ್ಟುತ್ತದೆ, ಅದರ ಪ್ರಮಾಣವನ್ನು ಒತ್ತಡವೂ ಘರ್ಷಣ ಗುಣಾಂಕವೂ ನಿರ್ಧರಿಸುತ್ತವೆ. ಅಂಟುವ ಅವಸ್ಥೆಯಲ್ಲಿ ಉಷ್ಣ ಹುಟ್ಟುವುದು ಲೋಹದ ಒಳಗಿನ ಪದರಗಳು ಸರಿಯುವಲ್ಲಿ, ಅದನ್ನು ನಿರ್ಧರಿಸುವುದು ಆ ತಾಪದಲ್ಲಿ ಲೋಹಕ್ಕೆ ಉಳಿದಿರುವ ಪ್ರತಿರೋಧಶಕ್ತಿ. ನಮ್ಮ 40 ನ್ಯೂಟನ್-ಮೀಟರ್ ಟಾರ್ಕನ್ನು ಸ್ಮಿಟ್ ಮತ್ತು ಸಂಗಡಿಗರ ಸೂತ್ರದಲ್ಲಿಟ್ಟು ಹಿಂದಕ್ಕೆ ಬಂದರೆ, ಲೋಹವು ಒಡ್ಡುತ್ತಿರುವ ಕರ್ತನಪ್ರತಿರೋಧವು ಸುಮಾರು 20 ಮೆಗಾಪಾಸ್ಕಲ್ ಎಂದಾಗುತ್ತದೆ. ತಣ್ಣಗಿರುವಾಗ 6061-ಟಿ6, ಎಂದರೆ ಕಾಯಿಸಿ ಹದಗೊಳಿಸಿದ 6061, ಫಲಕವು ಒಡ್ಡುವ ಪ್ರತಿರೋಧಕ್ಕೆ ಹೋಲಿಸಿದರೆ ಇದು ಎಂಟನೆಯ ಒಂದು ಪಾಲಿನಷ್ಟು. ಅಷ್ಟು ಮೆತ್ತಗಾಗಬೇಕಾದರೆ ಲೋಹವು ಕರಗುವ ಅಂಚಿನ ಸಮೀಪಕ್ಕೆ ಹೋಗಿರಲೇಬೇಕು.

ಪ್ರಕೃತಿಯ ಒಂದು ಸುಂದರ ನಿಯಂತ್ರಣ ಇಲ್ಲಿ ಕಾಣಬರುತ್ತದೆ. ತಾಪ ಏರಿದಂತೆ ಲೋಹ ಮೆತ್ತಗಾಗುತ್ತದೆ. ಮೆತ್ತಗಾದ ಲೋಹವನ್ನು ತಿರುಚಲು ಶ್ರಮ ಕಡಮೆ. ಶ್ರಮ ಕಡಮೆಯಾದರೆ ಹುಟ್ಟುವ ಉಷ್ಣವೂ ಕಡಮೆ. ಉಷ್ಣ ಕಡಮೆಯಾದರೆ ತಾಪ ಇಳಿಯಬೇಕು. ಟೂಲು ತಿರುಗುವ ವೇಗವನ್ನು ಇಮ್ಮಡಿ ಮಾಡಿದರೂ ಟಾರ್ಕು ಕುಸಿಯುವುದರಿಂದ ತಾಪವು ಸ್ವಲ್ಪ ಮಾತ್ರ ಏರಿ, ಲೋಹ ಕರಗಲಾರಂಭಿಸುವ ಗೆರೆಯನ್ನು ದಾಟದೆ ನಿಲ್ಲುತ್ತದೆ. ಘರ್ಷಣ ಗುಣಾಂಕವನ್ನು ಎಲ್ಲ ತಾಪಗಳಿಗೂ ಒಂದೇ ಎಂದಿಟ್ಟುಕೊಂಡ ಆರಂಭಕಾಲದ ಗಣನೆಗಳು ಈ ನಿಯಂತ್ರಣವನ್ನು ಅರಿಯದೆ ಲೋಹವನ್ನು ಕಾಗದದ ಮೇಲೆ ಕರಗಿಸಿಬಿಡುತ್ತಿದ್ದವು. ಹಾಗಾಗದಂತೆ ನಾರ್ವೆಯ ಫ್ರಿಗಾರ್ಡ್, ಗ್ರೋಂಗ್ ಮತ್ತು ಮಿಡ್ಲಿಂಗ್ 2001ರ ತಮ್ಮ ಪ್ರಬಂಧದಲ್ಲಿ, ತಾಪವು ಕರಗುವ ಗೆರೆಯನ್ನು ಮುಟ್ಟದಂತೆ ಘರ್ಷಣ ಗುಣಾಂಕವನ್ನೇ ಇಳಿಸುತ್ತ ಹೋಗುವ ಉಪಾಯ ಮಾಡಿದರು. ಉಪಾಯವೇನೋ ಫಲಿಸಿತು, ಆದರೆ ಕಾರಣವು ಲೋಹದ ಮೆದುತನದಲ್ಲಿರುವಾಗ ಗುಣಾಂಕವನ್ನು ತಿದ್ದುವುದು ಪರಿಣಾಮವನ್ನು ನೋಡಿ ಕಾರಣವನ್ನು ಬರೆದಂತೆ. ತಾಪ, ವಿರೂಪಣದ ವೇಗ, ಪ್ರತಿರೋಧ ಈ ಮೂರನ್ನೂ ಒಂದೇ ಗಂಟಿನಲ್ಲಿ ಹಿಡಿದು, ಒಂದು ಬದಲಾದಾಗ ಉಳಿದೆರಡನ್ನೂ ಬದಲಾಯಿಸುತ್ತ ಸಮಾಧಾನ ಸಿಗುವವರೆಗೆ ಸುತ್ತುವ ಗಣನೆಗಳೇ ಈಗ ಹೆಚ್ಚು ನಂಬಿಕೆಗೆ ಅರ್ಹವಾದವು. ಲೋಹವನ್ನು ಅತಿ ಸ್ನಿಗ್ಧವಾದ ದ್ರವವೆಂದು ಭಾವಿಸಿ ಅದರ ಪ್ರವಾಹವನ್ನೂ ತಾಪವನ್ನೂ ಜೊತೆಜೊತೆಯಾಗಿ ಎಣಿಸುವವರುಂಟು. ಘನವೆಂದೇ ಭಾವಿಸಿ ಎಣಿಸುವವರೂ ಉಂಟು.

ಪ್ರವಾಹದ ವಿಷಯದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಒಂದು ಪ್ರಯೋಗವನ್ನು ಇಲ್ಲಿ ಸ್ಮರಿಸತಕ್ಕದ್ದು. ಕೆ. ಕುಮಾರ್ ಮತ್ತು ಸತೀಶ್ ವಿ. ಕೈಲಾಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೂಲು ಮುಂದೆ ಸಾಗಿದಂತೆಲ್ಲ ಅದು ಲೋಹವನ್ನು ಹೆಚ್ಚು ಹೆಚ್ಚಾಗಿ ತಾಗುತ್ತ ಹೋಗುವಂತೆ ಏರ್ಪಾಡು ಮಾಡಿ, ಸಂಪರ್ಕವು ಸ್ವಲ್ಪವಿದ್ದ ಹಂತದಿಂದ ಪೂರ್ಣಗೊಳ್ಳುವ ಹಂತದವರೆಗಿನ ಕಥೆಯನ್ನು ಒಂದೇ ಬೆಸುಗೆಯ ಉದ್ದದಲ್ಲಿ ಬರೆಯಿಸಿದರು. ಆ ಬೆಸುಗೆಯನ್ನು ಅಲ್ಲಲ್ಲಿ ಅಡ್ಡಕ್ಕೆ ಕತ್ತರಿಸಿ ನೋಡಿದಾಗ, ಪಿನ್ನು ನಡೆಸುವ ಪ್ರವಾಹವೊಂದು, ಶೋಲ್ಡರು ನಡೆಸುವ ಪ್ರವಾಹವೊಂದು, ಹೀಗೆ ಎರಡು ಪ್ರವಾಹಗಳಿರುವುವೆಂದೂ, ಅವೆರಡೂ ಕೂಡಿಕೊಂಡಾಗಲೇ ಪೊಳ್ಳಿಲ್ಲದ ಬೆಸುಗೆ ಸಿದ್ಧಿಸುವುದೆಂದೂ ತಿಳಿಯಿತು. ಹತ್ತಾರು ಫಲಕಗಳನ್ನು ಹಾಳುಮಾಡಿ ಕಂಡುಕೊಳ್ಳಬಹುದಾಗಿದ್ದ ಸತ್ಯವನ್ನು ಒಂದೇ ಓಟದಲ್ಲಿ ಹೊರತಂದ ಆ ಯೋಜನೆಯ ಸರಳತೆ ನನಗೆ ಬಹಳ ಮೆಚ್ಚಿಕೆಯಾದದ್ದು. ತಾಪವನ್ನು ಎಣಿಸುವವರಿಗೆ ಇದರಲ್ಲಿ ಒಂದು ಸೂಚನೆಯೂ ಇದೆ: ಶೋಲ್ಡರಿನ ಸಂಪರ್ಕವು ಮೊದಲಿನಿಂದ ಕೊನೆಯವರೆಗೆ ಪೂರ್ಣವಾಗಿಯೇ ಇತ್ತೆಂದು ಭಾವಿಸಿ ಉಷ್ಣವನ್ನು ಹಂಚಿದರೆ, ಲೆಕ್ಕವು ಬುಡದಲ್ಲಿಯೇ ವಾಲಬಹುದು.

ಇಷ್ಟು ಶ್ರಮಪಟ್ಟು ತಾಪದ ನಕ್ಷೆಯನ್ನು ಬರೆಯುವುದೇಕೆಂದು ಕೇಳಬಹುದು. ಉತ್ತರವು ಅಲ್ಯೂಮಿನಿಯಮ್ ಮಿಶ್ರಲೋಹದ ಬಲ ಎಲ್ಲಿಂದ ಬರುತ್ತದೆಂಬುದರಲ್ಲಿದೆ. 6061ನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ಥಟ್ಟನೆ ನೀರಿನಲ್ಲಿ ತಣಿಸಿ, ಆಮೇಲೆ 175 ಡಿಗ್ರಿಯ ಒಲೆಯಲ್ಲಿ ಎಂಟು ಗಂಟೆಗಳ ಕಾಲ ಇಟ್ಟಾಗ, ಮೆಗ್ನೀಸಿಯಮ್ ಮತ್ತು ಸಿಲಿಕಾನ್ ಪರಮಾಣುಗಳು ಕೂಡಿ ಅತಿಸೂಕ್ಷ್ಮವಾದ ಕಣಗಳಾಗಿ ಲೋಹದ ತುಂಬ ಹರಡಿಕೊಳ್ಳುತ್ತವೆ. 55 ಮೆಗಾಪಾಸ್ಕಲ್‌ಗೆ ಬಾಗುತ್ತಿದ್ದ ಮೆತು ಲೋಹವು ಇವುಗಳ ದೆಸೆಯಿಂದ 275 ಮೆಗಾಪಾಸ್ಕಲ್‌ವರೆಗೆ ತಡೆದು ನಿಲ್ಲುತ್ತದೆ. ಬೆಸುಗೆಯ ಟೂಲು ಹಾದುಹೋಗುವ ಕೆಲವೇ ಕ್ಷಣಗಳಲ್ಲಿ ಆ ಎಂಟು ಗಂಟೆಗಳ ಫಲ ಕೆಡಬಹುದು. ವಿಚಿತ್ರವೆಂದರೆ, ಅತ್ಯಂತ ದುರ್ಬಲವಾದ ಸ್ಥಳವು ಅತ್ಯಂತ ಬಿಸಿಯಾದ ಸ್ಥಳವಲ್ಲ. ಪಿನ್ನಿನ ದಾರಿಯಲ್ಲಿ ತಾಪ 500ರ ಹತ್ತಿರಕ್ಕೆ ಹೋದಾಗ ಕಣಗಳೆಲ್ಲ ಕರಗಿ ಲೋಹದಲ್ಲಿ ಲೀನವಾಗುತ್ತವೆ, ತಣಿದ ಮೇಲೆ ಕೊಠಡಿಯ ತಾಪದಲ್ಲಿಯೇ ದಿನಗಳುರುಳಿದಂತೆ ಅವು ಒಂದಿಷ್ಟು ಮತ್ತೆ ಕೂಡಿ ಬಲದ ಒಂದು ಪಾಲನ್ನು ಹಿಂದಿರುಗಿಸುತ್ತವೆ. ಅದರ ಆಚೀಚೆಗೆ, ತಾಪವು 350-400 ಡಿಗ್ರಿಯನ್ನು ಮುಟ್ಟಿ ಇಳಿದ ಪಟ್ಟಿಯಲ್ಲಿ, ಕಣಗಳು ಕರಗಿಯೂ ಹೋಗದೆ ಸೂಕ್ಷ್ಮವಾಗಿಯೂ ಉಳಿಯದೆ ಒಂದಕ್ಕೊಂದು ಸೇರಿ ದಪ್ಪವಾಗಿ, ಬಲಕೊಡುವ ಯೋಗ್ಯತೆಯನ್ನೇ ಕಳೆದುಕೊಳ್ಳುತ್ತವೆ. ಎಳೆದು ಪರೀಕ್ಷಿಸಿದರೆ ಬೆಸುಗೆ ಮುರಿಯುವುದು ಸಾಮಾನ್ಯವಾಗಿ ಅಲ್ಲಿಯೇ. ಪ್ರತಿಯೊಂದು ಬಿಂದುವೂ ಎಷ್ಟು ತಾಪವನ್ನು ಎಷ್ಟು ಕಾಲ ಅನುಭವಿಸಿತೆಂಬ ಚರಿತ್ರೆ ತಿಳಿದರೆ ಅಲ್ಲಿ ಉಳಿಯುವ ಬಲವನ್ನು ಮುಂಚಿತವಾಗಿ ಹೇಳಬಹುದೆಂಬುದನ್ನು ನಾರ್ವೆಯ ಮ್ಯೂರ್ ಮತ್ತು ಗ್ರೋಂಗ್, 6082 ಮಿಶ್ರಲೋಹವನ್ನು ಕುರಿತ ತಮ್ಮ ಗಣನೆಯಿಂದ, ಮಥನ-ಬೆಸುಗೆ ಹುಟ್ಟಿದ ಆ 1991ರಲ್ಲಿಯೇ ತೋರಿಸಿದ್ದರು. ತಾಪದ ನಕ್ಷೆಯಲ್ಲಿ ಮೂವತ್ತು ಡಿಗ್ರಿ ತಪ್ಪಿದರೆ ದುರ್ಬಲ ಪಟ್ಟಿಯ ಅಗಲವೂ ಜಾಗವೂ ತಪ್ಪುತ್ತವೆ. ರಾಕೆಟ್ಟಿನ ಇಂಧನ ತೊಟ್ಟಿಯ ಗೋಡೆ ಎಷ್ಟು ದಪ್ಪವಿರಬೇಕೆಂದು ನಿರ್ಧರಿಸುವವನು ನಂಬುವುದು ಆ ನಕ್ಷೆಯನ್ನೇ.

ಅಲ್ಯೂಮಿನಿಯಮ್ಮನ್ನು ಉಕ್ಕಿಗೆ ಬೆಸೆಯುವ ಕೆಲಸದಲ್ಲಿ ಈ ಗಣನೆಯಿಂದ ನಿರೀಕ್ಷಿಸುವ ನಿಖರತೆ ಇನ್ನೂ ಹೆಚ್ಚು. ಹೋಂಡಾ ಕಂಪನಿಯು 2013ರ ಮಾದರಿಯ ಅಕಾರ್ಡ್ ಕಾರಿನ ಮುಂಭಾಗದ ಸಬ್‌ಫ್ರೇಮಿನಲ್ಲಿ ಈ ಎರಡು ಲೋಹಗಳನ್ನು ಮಥನ-ಬೆಸುಗೆಯಿಂದ ಜೋಡಿಸಿ ಮಾರುಕಟ್ಟೆಗೆ ತಂದಿತು. ಇವೆರಡರ ಸಂಧಿಯಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಕೂಡಿದ ಒಂದು ಪೆಡಸು ಸಂಯುಕ್ತದ ಪದರ ಬೆಳೆಯುತ್ತದೆ. ಅದು ಬಹಳ ತೆಳುವಾಗಿದ್ದರೆ ಬಂಧಕ್ಕೆ ಆಧಾರ, ಕೆಲವು ಮೈಕ್ರೋಮೀಟರ್ ದಪ್ಪವಾದರೆ ಗಾಜಿನಂತೆ ಒಡೆಯುವ ದೋಷ. ಆ ಪದರದ ದಪ್ಪವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುವುದಾದರೂ ತಾಪದೊಂದಿಗೆ ಘಾತೀಯವಾಗಿ ಏರುವುದರಿಂದ, ಸಂಧಿಯ ತಾಪವನ್ನು ಕೆಲವೇ ಡಿಗ್ರಿಗಳ ಮಟ್ಟಿಗೆ ತಿಳಿಯಬೇಕಾಗುತ್ತದೆ. ಒಂದು ಪಕ್ಕದ ಅಲ್ಯೂಮಿನಿಯಮ್ ಉಷ್ಣವನ್ನು ಓಡಿಸುತ್ತದೆ, ಇನ್ನೊಂದು ಪಕ್ಕದ ಉಕ್ಕು ತಡೆಹಿಡಿಯುತ್ತದೆ. ಟೂಲು ಒಂದಕ್ಕೆ ಅಂಟುವ ತಾಪದಲ್ಲಿ ಇನ್ನೊಂದರ ಮೇಲೆ ಜಾರುತ್ತಿರುತ್ತದೆ. ಟಾರ್ಕನ್ನು ಅಳೆದರೂ ಈಗ ಅದು ಎರಡು ಲೋಹಗಳ ಪ್ರತಿರೋಧದ ಮೊತ್ತ. ಯಾವುದರ ಪಾಲು ಎಷ್ಟೆಂಬುದನ್ನು ಬಿಡಿಸುವ ಕೆಲಸದಲ್ಲಿಯೇ ಈ ಕ್ಷೇತ್ರದ ಸಂಶೋಧಕರಲ್ಲಿ ಹಲವರು ಈಗ ತೊಡಗಿದ್ದಾರೆ.